ಚುಕ್ಕಿಯ ಮೂರನೇ ಕರು

ನಾನು ಮೊದಲು ಕೊಂಡದ್ದು ಮೂರು ಕಡಸುಗಳನ್ನು. ಮೂರೂ ಶಾರ್ಟ್‌ಹಾರ್ನ್ ತಳಿ, ಮಾಂಸಕ್ಕಾಗಿ ಸಾಕುವ ಸಾಲಿನವು. ಒಂದು ಕಡುಗೆಂಪು, ಇನ್ನೆರಡು ರೋನ್. ಕೆಂಪು ಕೂದಲೂ ಬಿಳಿ ಕೂದಲೂ ಒಂದರೊಳಗೊಂದು ಬೆರೆತು ಬೆಳೆದ ಬಣ್ಣಕ್ಕೆ ರೋನ್ ಅಂತಾರೆ. ದೂರದಿಂದ ನೋಡಿದರೆ ಕೆಂಪು ಮೈ ಮೇಲೆ ಇಬ್ಬನಿ ಕೂತ ಹಾಗೆ ಕಾಣುತ್ತದೆ. ಕೆಂಪಿನವಳಿಗೆ ಕೆಂಪಿ ಅಂತ ಹೆಸರಿಟ್ಟೆ. ರೋನ್‌ಗಳಲ್ಲಿ ಒಬ್ಬಳು ಮಂಜಿ, ಇನ್ನೊಬ್ಬಳು ಚುಕ್ಕಿ.

ಚುಕ್ಕಿಯನ್ನು ಬಣ್ಣ ನೋಡಿಯೇ ಕೊಂಡೆ. ಅವಳ ಕಾಲು ಹೇಗಿದೆ, ಅವಳ ತಾಯಿಯ ಕೆಚ್ಚಲು ಹೇಗಿತ್ತು, ಒಂದನ್ನೂ ಕೇಳಲಿಲ್ಲ. ಆಮೇಲಿನ ಐದು ವರ್ಷದಲ್ಲಿ ನಾನು ಕಲಿತದ್ದೆಲ್ಲ ದನವನ್ನು ನೋಡುವುದು ಹೇಗೆ ಅನ್ನುವುದನ್ನೇ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಿಸಿದವಳು ಚುಕ್ಕಿ.

ತಂದಾಗ ಮೂರಕ್ಕೂ ಹನ್ನೊಂದು ತಿಂಗಳು. ಮೊದಲ ಬೆದೆ ಅದಕ್ಕೂ ಮುಂಚೆಯೇ ಬಂದುಹೋಗಿತ್ತು. ಆದರೆ ಬೆದೆಗೆ ಬಂತು ಅಂದ ತಕ್ಷಣ ಗಬ್ಬ ಕಟ್ಟಿಸಬಾರದು. ಬೆಳೆದು ನಿಂತಾಗ ಎಷ್ಟು ತೂಗುತ್ತಾಳೋ ಅದರ 60ರಿಂದ 65 ಶೇಕಡಾ ತೂಕ ಬರಬೇಕು. ಶಾರ್ಟ್‌ಹಾರ್ನ್ ಹಸು ಬೆಳೆದ ಮೇಲೆ 600 ಕೆಜಿ ದಾಟುತ್ತದೆ. ಹಾಗಾಗಿ ನಾನು 390 ಕೆಜಿ ಗುರಿ ಇಟ್ಟುಕೊಂಡೆ. ಹದಿನೈದು ತಿಂಗಳಿಗೆ ಅಷ್ಟು ಬಂದರೆ ಎರಡು ವರ್ಷಕ್ಕೆ ಸರಿಯಾಗಿ ಮೊದಲ ಕರು. ಒಳ್ಳೆ ಹುಲ್ಲು, ಒಣಹುಲ್ಲು, ಖನಿಜದ ನೆಕ್ಕುಗಲ್ಲು, ಅಷ್ಟರಲ್ಲೇ ಬಂತು. ಕಾಳು ಸುರಿದು ಕೊಬ್ಬಿಸಿದರೆ ಕೆಚ್ಚಲಿನೊಳಗೂ ಕೊಬ್ಬು ತುಂಬಿಕೊಂಡು ಮುಂದೆ ಹಾಲು ಕಮ್ಮಿಯಾಗುತ್ತದೆ. ಈ ತಳಿಯ ದೊಡ್ಡ ಬಲವೇ ತಾಯಿಯ ಹಾಲು. ಅದನ್ನೇ ಕೆಡಿಸಿಕೊಂಡರೆ ಉಳಿಯುವುದೇನು?

ಬೆದೆ ಗುರುತಿಸುವುದಕ್ಕೆ ಬೆಳಿಗ್ಗೆ ಸಂಜೆ ಅರ್ಧ ಗಂಟೆ ಸುಮ್ನೆ ಬೇಲಿ ಪಕ್ಕ ನಿಲ್ಲುತ್ತಿದ್ದೆ. ಬೇರೆ ದನದ ಬೆನ್ನು ಹತ್ತುವವಳು ಬೆದೆಗೆ ಬಂದಿದ್ದಾಳೆ ಅಂದುಕೊಂಡಿದ್ದೆ. ನೋಡಬೇಕಾದದ್ದು ಹತ್ತುವವಳನ್ನಲ್ಲ, ಹತ್ತಿಸಿಕೊಂಡು ಕದಲದೆ ನಿಲ್ಲುವವಳನ್ನು. ಬೆಳಿಗ್ಗೆ ನಿಂತರೆ ಸಂಜೆ ಬೀಜ, ಅಂದರೆ ಹೋರಿಯ ವೀರ್ಯ, ಕೊಡಿಸಬೇಕು, ಸಂಜೆ ನಿಂತರೆ ಮರುದಿನ ಬೆಳಿಗ್ಗೆ. ತಪ್ಪಿದರೆ 21 ದಿನ ಕಾಯಬೇಕು. ಮಂಜಿಯದು ಎರಡು ಸಲ ತಪ್ಪಿತು. ಅವಳು ರಾತ್ರಿ ಬೆದೆಗೆ ಬಂದು ಬೆಳಗಾಗುವಷ್ಟರಲ್ಲಿ ಮುಗಿಸಿಬಿಡುತ್ತಿದ್ದಳು.

ಮೂವರಿಗೂ ಒಂದೇ ಹೋರಿಯ ಬೀಜ ಆರಿಸಿದೆ. ಹೆಸರಾಂತ ಹೋರಿ, ಬಣ್ಣ ರೋನ್. ಬೀಜ ಮಾರುವವರ ಪಟ್ಟಿಯಲ್ಲಿ ಅವನ ಅಂಕಿಗಳೂ ಚೆನ್ನಾಗಿದ್ದವು. ಅವನ ಕರುಗಳ ಹುಟ್ಟಿನ ತೂಕ ಕಮ್ಮಿ, 200 ದಿನದ ತೂಕ ಜಾಸ್ತಿ. ಚೊಚ್ಚಲ ಕಡಸಿಗೆ ಇನ್ನೇನು ಬೇಕು ಅನಿಸಿತು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಟಿಎಚ್ ವಾಹಕ' ಅಂತಿತ್ತು. ಓದಿದೆ. ವಾಹಕ ಅಂದರೆ ರೋಗ ಇಲ್ಲ, ಆರೋಗ್ಯವಾಗೇ ಇದ್ದಾನೆ ಅಂತ ಮುಂದಿನ ಪುಟಕ್ಕೆ ಹೋದೆ. ಕಡಸುಗಳನ್ನು ಮಾರಿದವರು ಅವುಗಳಿಗೆ ಆ ಪರೀಕ್ಷೆ ಮಾಡಿಸಿರಲಿಲ್ಲ. ನಾನೂ ಕೇಳಲಿಲ್ಲ.

ಹಸುವಿನ ಗಬ್ಬ ಸುಮಾರು 283 ದಿನ. ಕೊನೆಯ ಮೂರು ತಿಂಗಳಲ್ಲಿ ಕರು ಭರ್ತಿ ಬೆಳೆಯುತ್ತದೆ. ಆಗ ಹಸುವಿನ ಮೈಕಟ್ಟಿನ ಮೇಲೆ ಕಣ್ಣಿಟ್ಟಿರಬೇಕು. ಪಕ್ಕೆಲುಬಿನ ಮೇಲೆ ಕೈ ಆಡಿಸಿ, ಬೆರಳು ಒತ್ತಿದಾಗ ಎಲುಬು ಸಿಗಬೇಕು, ಆದರೆ ಕಣ್ಣಿಗೆ ಕಾಣಬಾರದು. ಬಡಕಲಾಗಿ ಈದ ಹಸು ಮತ್ತೆ ಬೆದೆಗೆ ಬರುವುದು ತಡ. ತೀರಾ ಕೊಬ್ಬಿದರೆ ಈಯುವ ದಾರಿಯೇ ಇಕ್ಕಟ್ಟು.

ಮೊದಲು ಈದವಳು ಕೆಂಪಿ. ಚಳಿಗಾಲ ಮುಗಿಯುತ್ತಿತ್ತು. ಎರಡು ದಿನದಿಂದ ಕೆಚ್ಚಲು ಬಿಗಿದಿತ್ತು, ಬಾಲದ ಬುಡದ ಎರಡೂ ಕಡೆ ಕಟ್ಟು ಸಡಿಲಾಗಿ ಗುಂಡಿ ಬಿದ್ದಿತ್ತು. ಸಂಜೆ ಹಿಂಡಿನಿಂದ ಬೇರೆಯಾಗಿ ಮೂಲೆಗೆ ಹೋಗಿ ನಿಂತಳು. ಏಳುವುದು, ಮಲಗುವುದು, ತಿರುಗಿ ಹೊಟ್ಟೆ ನೋಡಿಕೊಳ್ಳುವುದು. ರಾತ್ರಿ ಹತ್ತಕ್ಕೆ ನೀರುಚೀಲ ಕಾಣಿಸಿತು. ಹತ್ತೂವರೆಗೆ ಒಂದು ಗೊರಸು ಬಂತು. ಒಂದೇ ಒಂದು.

ಸರಿಯಾಗಿ ಬರುವ ಕರುವಿನ ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣಬೇಕು, ನೀರಿಗೆ ಧುಮುಕುವವನ ಹಾಗೆ. ಒಂದು ಗಂಟೆ ತಿಣುಕಿದರೂ ಮುಂದಕ್ಕೆ ಬರದಿದ್ದರೆ ಕೈ ಹಾಕಿ ನೋಡಬೇಕು ಅಂತ ವೈದ್ಯರು ಹೇಳಿಕೊಟ್ಟಿದ್ದರು. ಅವರಿಗೆ ಫೋನ್ ಮಾಡಿದೆ. ಬರಲು ಒಂದು ಗಂಟೆಯಾದರೂ ಬೇಕು ಅಂದರು. ಫೋನ್ ಇಡದೆಯೇ ಏನು ಮಾಡಬೇಕು ಅಂತ ಒಂದೊಂದಾಗಿ ಹೇಳಿದರು.

ಮೊಣಕೈ ಮೇಲಿನವರೆಗೆ ಸೋಪು ಹಚ್ಚಿ ತೊಳೆದು, ಉದ್ದ ಕೈಗವಸು ಹಾಕಿ, ಜಾರುವ ದ್ರವ ಧಾರಾಳವಾಗಿ ಸವರಿ ಕೈ ಒಳಗೆ ಬಿಟ್ಟೆ. ಮೂತಿ ಸಿಕ್ಕಿತು. ಬಾಯಿಗೆ ಬೆರಳಿಟ್ಟೆ, ಕರು ಚೀಪಿತು! ಜೀವ ಇದೆ. ಇನ್ನೊಂದು ಕಾಲು ಮಂಡಿಯ ಹತ್ತಿರ ಮಡಚಿ ಒಳಗೇ ನಿಂತಿತ್ತು. ಎಳೆದರೆ ಇನ್ನೂ ಸಿಕ್ಕಿಕೊಳ್ಳುತ್ತದೆ. ಕೆಂಪಿ ತಿಣುಕುವುದನ್ನು ನಿಲ್ಲಿಸಿದ ಗಳಿಗೆಯಲ್ಲಿ ಕರುವನ್ನು ಮೊದಲು ಹಿಂದಕ್ಕೆ ತಳ್ಳಬೇಕು. ಜಾಗ ಆದ ಮೇಲೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಗರ್ಭಚೀಲಕ್ಕೆ ಅದರ ತುದಿ ತಾಗದ ಹಾಗೆ ಮುಂದಕ್ಕೆ ತರಬೇಕು. ಕೇಳಲು ಸುಲಭ. ಅವಳು ತಿಣುಕಿದಾಗ ನನ್ನ ಕೈ ಎರಡು ಎಲುಬಿನ ನಡುವೆ ಸಿಕ್ಕಿ ಜೋಮು ಹಿಡಿಯುತ್ತಿತ್ತು. ಮೂರನೇ ಸಲ ತಳ್ಳಿದಾಗ ಗೊರಸು ಕೈಗೆ ಬಂತು. ನಿಧಾನಕ್ಕೆ ತಿರುಗಿಸಿ ಹೊರತಂದೆ.

ಆಮೇಲೆ ಎರಡೂ ಕಾಲಿಗೆ ಸರಪಳಿ. ಗಿಣ್ಣಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು. ಒಂದೇ ಸುತ್ತು ಹಾಕಿದರೆ ಎಳೆತವೆಲ್ಲ ಒಂದೇ ಕಡೆ ಬಿದ್ದು ಎಳೆ ಕಾಲು ಮುರಿಯಬಹುದು. ಅವಳು ತಿಣುಕಿದಾಗ ಮಾತ್ರ ಎಳೆದೆ, ಅವಳು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ತಲೆ ಹೊರಗೆ ಬಂದ ಮೇಲೆ ನೇರಕ್ಕಲ್ಲ, ನೆಲದ ಕಡೆಗೆ. ಕರು ಜಾರಿ ಬಂದು ಹುಲ್ಲಿನ ಮೇಲೆ ಬಿತ್ತು. ಉಸಿರಿಲ್ಲ. ಮೂಗು ಬಾಯಿ ಒರೆಸಿ, ಎದೆ ಮೇಲೆ ಕೂತ ಹಾಗೆ ನೆಟ್ಟಗೆ ಕೂರಿಸಿ, ಒಂದು ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಗೆ ತೂರಿಸಿದೆ. ಸೀನಿತು. ತಲೆ ಒದರಿತು. ಅಷ್ಟರಲ್ಲಿ ಕೆಂಪಿ ಎದ್ದು ತಿರುಗಿ, ನನ್ನನ್ನು ಮೂತಿಯಿಂದ ಪಕ್ಕಕ್ಕೆ ನೂಕಿ ಕರುವನ್ನು ನೆಕ್ಕತೊಡಗಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಕೆಂಪು ಹೆಣ್ಣುಗರು, 38 ಕೆಜಿ. ಹೊಕ್ಕುಳನ್ನು ಅಯೋಡಿನ್‌ನಲ್ಲಿ ಅದ್ದಿದೆ. ಒಂದು ಗಂಟೆಯೊಳಗೆ ಎದ್ದು ನಿಂತು ಕೆಚ್ಚಲು ಹುಡುಕಿತು. ಗಿಣ್ಣುಹಾಲು ಆರು ಗಂಟೆಯೊಳಗೆ ಹೊಟ್ಟೆಗೆ ಹೋಗಲೇಬೇಕು. ಕರು ಹುಟ್ಟುವಾಗ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಎಲ್ಲ ಬರುವುದು ಗಿಣ್ಣಿನಿಂದ. ಕರುಳು ಅದನ್ನು ಹೀರಿಕೊಳ್ಳುವ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಒಂದು ದಿನದಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ವೈದ್ಯರು ಬಂದಾಗ ಕರು ಬಾಲ ಅಲ್ಲಾಡಿಸುತ್ತಾ ಕುಡಿಯುತ್ತಿತ್ತು. ಅವರು ಕೆಂಪಿಯ ಒಳಗೆ ಗಾಯ ಆಗಿದೆಯಾ ಅಂತ ಪರೀಕ್ಷಿಸಿ, ಬೆಳಿಗ್ಗೆಯೊಳಗೆ ಮಾಸು ಬೀಳದಿದ್ದರೆ ಹೇಳಿ ಅಂದು ಹೋದರು. ಬಿತ್ತು.

ಒಂಬತ್ತು ದಿನ ಬಿಟ್ಟು ಚುಕ್ಕಿ ಈದಳು.

ಇದನ್ನು ಬರೆಯುವುದು ಈಗಲೂ ಕಷ್ಟ. ಕರು ಜೀವಂತವಾಗೇ ಬಂತು. ಹಿಂಗಾಲು ಎರಡೂ ತಿರುಚಿಕೊಂಡಿದ್ದವು, ಕೀಲು ಮಡಚುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಚರ್ಮದ ಚೀಲ ಇಳಿಬಿದ್ದಿತ್ತು, ಕರುಳು ಅದರೊಳಗಿತ್ತು. ಹಣೆಯ ಮೇಲೆ ಎಲುಬು ಕೂಡಿರಲಿಲ್ಲ. ಏಳಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಚುಕ್ಕಿ ನೆಕ್ಕುತ್ತಲೇ ಇದ್ದಳು, ಮೂತಿಯಿಂದ ಎತ್ತಿ ಎತ್ತಿ ನೋಡುತ್ತಿದ್ದಳು. ವೈದ್ಯರು ಒಂದು ಸಲ ನೋಡಿ ಹೆಸರು ಹೇಳಿದರು. ಟಿಬಿಯಲ್ ಹೆಮಿಮೀಲಿಯ. ಪಟ್ಟಿಯಲ್ಲಿ ನಾನು ದಾಟಿಹೋಗಿದ್ದ ಆ ಎರಡು ಅಕ್ಷರ. ಇಂಥ ಕರು ಬದುಕುವುದಿಲ್ಲ. ಅವರು ಅಲ್ಲೇ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಚುಕ್ಕಿ ಮೂರು ದಿನ ಅದೇ ಜಾಗದಲ್ಲಿ ನಿಂತು ಕೂಗಿದಳು.

ಟಿಎಚ್ ಅಡಗಿರುವ ದೋಷ. ದೋಷದ ವಂಶವಾಹಿಯ ಒಂದೇ ಪ್ರತಿ ಇದ್ದರೆ ದನಕ್ಕೆ ಏನೂ ಆಗುವುದಿಲ್ಲ, ನೋಡಿದರೆ ಗೊತ್ತೂ ಆಗುವುದಿಲ್ಲ. ವಾಹಕ ಹೋರಿ, ವಾಹಕ ಹಸು ಕೂಡಿದರೆ ಮಾತ್ರ ನಾಲ್ಕರಲ್ಲಿ ಒಂದು ಕರುವಿಗೆ ಎರಡೂ ಪ್ರತಿ ಸೇರಿ ಹೀಗಾಗುತ್ತದೆ. ಶಾರ್ಟ್‌ಹಾರ್ನ್‌ನಲ್ಲಿ ಇದೇ ಜಾತಿಯ ಇನ್ನೊಂದು ದೋಷವೂ ಇದೆ, ಪಿಎಚ್‌ಎ. ಅದರಲ್ಲಿ ಕರುವಿನ ಶ್ವಾಸಕೋಶ ಬೆಳೆಯುವುದಿಲ್ಲ, ಮೈಯೆಲ್ಲ ನೀರು ತುಂಬಿ ವಿಪರೀತ ಊದಿಕೊಂಡು ತಾಯಿಯ ಜೀವಕ್ಕೇ ಅಪಾಯ ತರುತ್ತದೆ. ಎರಡನ್ನೂ ತಿಳಿಯಲು ಬಾಲದ ತುದಿಯ ಕೂದಲನ್ನು ಬೇರು ಸಮೇತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ಹತ್ತಿಪ್ಪತ್ತು ಕೂದಲು! ಅಷ್ಟು ಮಾಡಿದ್ದರೆ ಆ ಕರು ಆ ನೋವು ತಿನ್ನುತ್ತಿರಲಿಲ್ಲ. ಆ ವಾರವೇ ಹಿಂಡಿನ ಎಲ್ಲದರ ಕೂದಲು ಕಳಿಸಿದೆ. ಚುಕ್ಕಿ ವಾಹಕ. ಕೆಂಪಿ, ಮಂಜಿ ಇಬ್ಬರೂ ಶುದ್ಧ, ಅಂದರೆ ಆ ದೋಷ ಅವರಲ್ಲಿಲ್ಲ. ಕೆಂಪಿಯ ಕರುವೂ ಶುದ್ಧ.

ಆ ದಿನಗಳಲ್ಲಿ ರಾತ್ರಿ ಕೂತು ತಳಿಯ ಹಳೆಯ ಕಥೆ ಓದಿದೆ. ಶಾರ್ಟ್‌ಹಾರ್ನ್ ರೂಪುಗೊಂಡದ್ದು ಇಂಗ್ಲೆಂಡಿನ ಈಶಾನ್ಯದಲ್ಲಿ, ಟೀಸ್ ನದಿಯ ಕಣಿವೆಯಲ್ಲಿ, 18ನೇ ಶತಮಾನದ ಕೊನೆಗೆ. ಚಾರ್ಲ್ಸ್ ಮತ್ತು ರಾಬರ್ಟ್ ಕಾಲಿಂಗ್ ಅನ್ನುವ ಅಣ್ಣತಮ್ಮಂದಿರು ಅದಕ್ಕೆ ಅಡಿಪಾಯ ಹಾಕಿದರು. ಚಾರ್ಲ್ಸ್ ಸಾಕಿದ ಕಾಮೆಟ್ ಅನ್ನುವ ಹೋರಿ 1810ರಲ್ಲಿ 1000 ಗಿನಿಗೆ (ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ಮಾರಾಟವಾಯಿತು. ಅದರ ವಂಶ ನೋಡಿ ನಾನು ಪುಸ್ತಕ ಮುಚ್ಚಿಟ್ಟೆ. ಕಾಮೆಟ್‌ನ ಅಪ್ಪ ಫೇವರಿಟ್. ಕಾಮೆಟ್‌ನ ತಾಯಿ ಅದೇ ಫೇವರಿಟ್‌ನ ಮಗಳು, ಅದೂ ಫೇವರಿಟ್‌ನ ಸ್ವಂತ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು. ಒಳ್ಳೆ ಗುಣ ಗಟ್ಟಿಯಾಗಲಿ ಅಂತ ಒಂದೇ ರಕ್ತವನ್ನು ಮತ್ತೆ ಮತ್ತೆ ಕೂಡಿಸಿದ್ದರು. ಗುಣ ಗಟ್ಟಿಯಾಯಿತು, ನಿಜ. ಆದರೆ ಒಂದೇ ಹಿರಿಯ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಬಂದರೆ ಅವನಲ್ಲಿ ಅಡಗಿದ್ದ ದೋಷವೂ ಎರಡೂ ಕಡೆಯಿಂದ ಬರುವ ದಾರಿ ತೆರೆಯುತ್ತದೆ. ನನ್ನ ಚುಕ್ಕಿ ಮತ್ತು ಆ ಹೋರಿಯ ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ಆರನೇ ತಲೆಮಾರಿನಲ್ಲಿ ಒಂದೇ ಹೆಸರು ಎರಡರಲ್ಲೂ ಇತ್ತು.

1822ರಲ್ಲಿ ಜಾರ್ಜ್ ಕೋಟ್ಸ್ ಈ ತಳಿಯ ವಂಶಾವಳಿ ಪುಸ್ತಕ ಅಚ್ಚು ಹಾಕಿಸಿದರು. ದನದ ತಳಿಗಳಲ್ಲಿ ಅದೇ ಮೊದಲನೆಯದು. ಯಾರ ಮಗ ಯಾರ ಮಗಳು ಅನ್ನುವುದು ಇನ್ನೂರು ವರ್ಷದಿಂದ ಬರೆದಿಟ್ಟಿದೆ. ಬೆನ್ನು ನೇರವಾಗಿದೆಯಾ, ತೊಡೆ ತುಂಬಿದೆಯಾ ಅಂತ ನೋಡುವ ನಾನು ಆ ಕಾಗದವನ್ನು ಬರೀ ಪ್ರಮಾಣಪತ್ರ ಅಂದುಕೊಂಡಿದ್ದೆ. ಈಗ ಹೋರಿ ಆರಿಸುವಾಗ ಮೊದಲು ಓದುವುದೇ ಅದನ್ನು.

ಚುಕ್ಕಿಯನ್ನು ಮಾರಿಬಿಡಿ ಅಂದರು ಕೆಲವರು. ಯೋಚಿಸಿದೆ. ಶುದ್ಧ ಹೋರಿಗೆ ಕೂಡಿಸಿದರೆ ಅವಳಿಗೆ ಇನ್ನೊಂದು ಅಂಥ ಕರು ಹುಟ್ಟುವುದಿಲ್ಲ. ಅರ್ಧದಷ್ಟು ಕರುಗಳು ವಾಹಕ ಆಗಬಹುದು, ಅಷ್ಟೇ. ಅವಳ ಕೆಚ್ಚಲು ಹಿಂಡಿನಲ್ಲೇ ಚೆಂದ. ನಾಲ್ಕೂ ಭಾಗ ಸಮ, ಮೊಲೆ ಚಿಕ್ಕದು, ನೆಲಕ್ಕೆ ಜೋಲುವುದಿಲ್ಲ. ಅವಳ ಪಕ್ಕ ಕೂತರೂ ಕಾಲು ಎತ್ತುವುದಿಲ್ಲ. ಬಣ್ಣ ನೋಡಿ ಕೊಂಡಿದ್ದೆನಲ್ಲ, ಇಷ್ಟೆಲ್ಲ ಗುಣ ಅವಳಲ್ಲಿ ಇತ್ತು ಅನ್ನುವುದು ನನಗೆ ಕಂಡದ್ದು ಆ ಕರು ಹೋದ ಮೇಲೆ. ಇಟ್ಟುಕೊಂಡೆ.

ಮಂಜಿಗೆ ಹಾಲಿನಷ್ಟು ಬಿಳಿ ಹೆಣ್ಣುಗರು ಹುಟ್ಟಿತು. ರೋನ್‌ಗೆ ರೋನ್ ಕೂಡಿದರೆ ಹೆಚ್ಚುಕಮ್ಮಿ ಕಾಲು ಭಾಗ ಕೆಂಪು, ಅರ್ಧ ರೋನ್, ಕಾಲು ಭಾಗ ಬಿಳಿ. ಎಲ್ಲವೂ ರೋನ್ ಬೇಕು ಅಂದರೆ ಕೆಂಪು ದನಕ್ಕೆ ಬಿಳಿಯದನ್ನೇ ಕೂಡಿಸಬೇಕು. ಮಂಜಿಯ ಕರುವಿಗೆ ಬೆಳ್ಳಿ ಅಂತ ಹೆಸರಿಟ್ಟೆ. ಬಿಳಿ ಕಡಸುಗಳಲ್ಲಿ ಕೆಲವಕ್ಕೆ ಗರ್ಭದ ದಾರಿ ಪೂರ್ತಿ ಬೆಳೆದಿರುವುದಿಲ್ಲ. ಬೆದೆಗೆ ಬರುತ್ತವೆ, ಗಬ್ಬ ನಿಲ್ಲುವುದಿಲ್ಲ. ಹಾಗಾಗಿ ಹದಿನಾಲ್ಕು ತಿಂಗಳಿಗೆ ವೈದ್ಯರಿಂದ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ಮೊದಲ ಸಲಕ್ಕೇ ಗಬ್ಬ ಕಟ್ಟಿದಳು.

ಎರಡನೇ ವರ್ಷ ಬೆಳವಣಿಗೆಯ ಅಂಕಿ ತುಂಬಾ ಜಾಸ್ತಿ ಇದ್ದ ಹೋರಿ ಆರಿಸಿ, ಕೆಂಪಿಗೆ 49 ಕೆಜಿ ಕರು ಹುಟ್ಟಿ ಮತ್ತೆ ರಾತ್ರಿ ಸರಪಳಿ ಹಿಡಿದೆವು. ಬೇಗ ಬೆಳೆಯುವ ಕರು ಸಾಮಾನ್ಯವಾಗಿ ಹೊಟ್ಟೆಯೊಳಗೂ ಬೇಗ ಬೆಳೆದಿರುತ್ತದೆ. ಹುಟ್ಟಿನ ತೂಕ ಹತೋಟಿಯಲ್ಲಿದ್ದು ಆಮೇಲೆ ಬೆಳೆಯುವ ಸಾಲು ಸಿಗುವುದು ಅಪರೂಪ. ಹುಡುಕಬೇಕು.

ಗಂಡುಗರುಗಳ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಮುಂದೆ ಹೋರಿಯಾಗದ ಹಾಗೆ ಮೊದಲ ವಾರದಲ್ಲೇ ವೃಷಣಕ್ಕೆ ರಬ್ಬರ್ ಉಂಗುರ ಹಾಕಿಸುತ್ತೇನೆ, ವೈದ್ಯರು ನೋವು ಕಮ್ಮಿ ಮಾಡುವ ಮದ್ದು ಕೊಡುತ್ತಾರೆ. ಏಳು ತಿಂಗಳಿಗೆ ತಾಯಿಯ ಹಾಲು ಬಿಡಿಸುವುದು. ಮೊದಲ ವರ್ಷ ತಾಯಿ ಒಂದು ಕಡೆ, ಕರು ಕಣ್ಣಿಗೆ ಕಾಣದ ಇನ್ನೊಂದು ಕಡೆ ಕಟ್ಟಿ, ನಾಲ್ಕು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಕರುಗಳು ಬೇಲಿ ಉದ್ದಕ್ಕೂ ಓಡಾಡಿ ತೂಕ ಕಳಕೊಂಡವು. ಈಗ ನಡುವೆ ಒಂದೇ ಬೇಲಿ. ಮೂತಿ ಮೂತಿ ತಾಗಿಸಬಹುದು, ಹಾಲು ಕುಡಿಯಲಾಗದು. ಮೂರನೇ ದಿನಕ್ಕೆ ಎರಡೂ ಕಡೆ ತಲೆ ತಗ್ಗಿಸಿ ಹುಲ್ಲು ಮೇಯುತ್ತವೆ.

ಆಮೇಲೆ ಎರಡು ವರ್ಷದ ಮೇಲಾಗುವವರೆಗೆ ಹುಲ್ಲಿನ ಮೇಲೆ. ಮಾಂಸದೊಳಗೆ ಕೊಬ್ಬಿನ ಸಣ್ಣ ಎಳೆ ಓಡುವುದು ಈ ತಳಿಯ ಗುಣ. ಧಾನ್ಯ ಜಾಸ್ತಿ ಇಲ್ಲದೆಯೂ ಹುಲ್ಲಿನಲ್ಲೇ ಅದು ಬರುತ್ತದೆ, ಸಮಯ ಕೊಡಬೇಕು ಅಷ್ಟೇ. ಕಳಿಸುವ ದಿನ ನಾನೇ ಮುಂದೆ ನಡೆಯುತ್ತೇನೆ. ಕೋಲು ಇಲ್ಲ, ಕೂಗು ಇಲ್ಲ. ಹಿಂದಿನ ದಿನ ಲಾರಿಯ ಹಲಗೆಯ ಮೇಲೆ ಹತ್ತಿಸಿ ಇಳಿಸಿ ರೂಢಿ ಮಾಡಿರುತ್ತೇನೆ. ಹೆದರಿದ ದನದ ಮೈಯಲ್ಲಿದ್ದ ಸಕ್ಕರೆಯೆಲ್ಲ ಖರ್ಚಾಗಿ ಮಾಂಸ ಕಪ್ಪಾಗಿ ಗಟ್ಟಿಯಾಗುತ್ತದೆ ಅನ್ನುತ್ತಾರೆ, ಅದು ಸರಿ. ನನ್ನ ಕಾರಣ ಅದಲ್ಲ. ಹುಟ್ಟುವಾಗ ಕೈ ಹಿಡಿದ ಪ್ರಾಣಿ ಅದು. ಕೊನೆಯ ದಿನವೂ ಹೆದರಬಾರದು. ಆ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಚುಕ್ಕಿಯ ಎರಡನೇ ಕರು ಗಂಡು. ಮೂರನೆಯದು ಹೆಣ್ಣು, ರೋನ್, ಅವಳದೇ ಅಚ್ಚು. ಹುಟ್ಟಿದ ತಿಂಗಳಲ್ಲೇ ಬಾಲದ ಕೂದಲು ಕಳಿಸಿದೆ. ಎರಡು ವಾರ ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಟಿಎಚ್ ಇಲ್ಲ, ಪಿಎಚ್‌ಎ ಇಲ್ಲ.

ಆದರೂ ಹಿಂಡಿಗೆ ಸೇರಿಸಿಕೊಳ್ಳುವ ತೀರ್ಮಾನ ಅವತ್ತೇ ಮಾಡಲಿಲ್ಲ. ಒಂದು ವರ್ಷ ನೋಡಿದೆ. ನಡೆಯುವಾಗ ಹಿಂಗಾಲು ಮುಂಗಾಲಿನ ಹೆಜ್ಜೆಯಲ್ಲೇ ಬೀಳುತ್ತದಾ? ಬೀಳುತ್ತದೆ. ಗೊರಸಿನ ಎರಡು ಭಾಗ ಸಮ ಇವೆಯಾ, ತುದಿ ಒಂದರ ಮೇಲೊಂದು ಹತ್ತುತ್ತದಾ? ಸಮ ಇವೆ. ಹೊಸಬರು ಒಳಗೆ ಬಂದರೆ ಓಡುತ್ತಾಳಾ? ಬಂದು ಮೂಸುತ್ತಾಳೆ. ಚಳಿಯಲ್ಲಿ ಬರೀ ಒಣಹುಲ್ಲಿನ ಮೇಲೆ ಮೈ ಇಳಿಯಲಿಲ್ಲ. ಹದಿನೈದು ತಿಂಗಳಿಗೆ ತೂಕ 402 ಕೆಜಿ.

ಅವಳಿಗೆ ಆರಿಸಿದ ಹೋರಿ ಕೆಂಪು. ಎರಡೂ ದೋಷದಿಂದ ಶುದ್ಧ, ಹುಟ್ಟಿನ ತೂಕ ಕಮ್ಮಿ, ಐದು ತಲೆಮಾರಿನಲ್ಲಿ ಒಂದೂ ಸಮಾನ ಹೆಸರಿಲ್ಲ. ಹೋರಿಯ ಚಿತ್ರದ ಜೊತೆ ಅವನ ತಾಯಿಯ ಚಿತ್ರ ಕಳಿಸಿ ಅಂತ ಕೇಳಿದ್ದೆ, ಹಿಂದಿನಿಂದ ತೆಗೆದದ್ದು, ಕೆಚ್ಚಲು ಕಾಣುವ ಹಾಗೆ. ಎಂಟು ಕರು ಹಾಕಿದ ಮೇಲೂ ಗಟ್ಟಿಯಾಗಿ ಮೇಲೇ ನಿಂತಿತ್ತು.

ಇವತ್ತು ಬೆಳಿಗ್ಗೆ ಬೆಳ್ಳಿ ಬೆನ್ನೇರಿದಾಗ ಚುಕ್ಕಿಯ ಮಗಳು ಕದಲದೆ ನಿಂತಳು. ಸಂಜೆ ಆರಕ್ಕೆ ಬೀಜ ಹಾಕುವವರು ಬರುತ್ತಾರೆ. ಹೆಪ್ಪುಗಟ್ಟಿಸಿದ ಬೀಜದ ಕಡ್ಡಿ ಕರಗಿಸಲು ನೀರು 35 ಡಿಗ್ರಿಯಲ್ಲಿ ಬೇಕು. ಫ್ಲಾಸ್ಕು, ಥರ್ಮಾಮೀಟರ್ ತೊಳೆದು ಕೊಟ್ಟಿಗೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಚುಕ್ಕಿ ಬೇಲಿಯ ಆ ಕಡೆ ಮೆಲುಕು ಹಾಕುತ್ತಾ ಮಲಗಿದ್ದಾಳೆ.